ಪಾವಾತ್ತಾಳ ಒಲೆಗೂ ಒಂದು ಕುಂಕುಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕೊಯಮತ್ತೂರಿನ ಅಂಚಿನ ಚಿನ್ನವೇಡಂಪಟ್ಟಿಯಲ್ಲಿ, ತಂಗನಾಚಿ ಪಂಪ್ಸ್ ಕಾರ್ಖಾನೆಯ ಹಿತ್ತಲಿನಿಂದ ದಿನದ ಮೊದಲ ಹೊಗೆ ಏಳುತ್ತಿದೆ. ಅದು ಕಬ್ಬಿಣ ಕರಗಿಸುವ ಕುಲುಮೆಯದಲ್ಲ. ಕುಲುಮೆಯವರು ಈಗಷ್ಟೇ ಬಸ್ಸು ಹತ್ತಿ ತೂಕಡಿಸುತ್ತಿರಬಹುದು. ಇದು ಕ್ಯಾಂಟೀನಿನ ಒಲೆಯ ಹೊಗೆ. ಒಲೆಯ ಮುಂದೆ ಪಾವಾತ್ತಾಳ್ ಕುಕ್ಕುರುಗಾಲಲ್ಲಿ ಕೂತಿದ್ದಾರೆ. ಸೆರಗು ಸೊಂಟಕ್ಕೆ ಬಿಗಿದಿದೆ, ಕೈಯಲ್ಲಿ ಸರ್ವೆ ಸೌದೆಯ ಸೀಳುಗಳಿವೆ. ಕಡ್ಡಿ ಗೀರುವ ಮುಂಚೆ ಅವರಿಗೊಂದು ಕೆಲಸವಿದೆ. ಗೂಡಿನಿಂದ ಪುಟ್ಟ ಬಟ್ಟಲು ತೆಗೆದು, ಒಲೆಯ ನೆತ್ತಿಗೆ ಬೆರಳಲ್ಲಿ ಗಂಧ ಬಳಿದು, ಅದರ ಮೇಲೆ ಕುಂಕುಮ ಇಡುತ್ತಾರೆ. ಆಮೇಲೆ ಬೆಂಕಿ.

"ಕುಲುಮೆಗೆ ಇಟ್ಟ ಕುಂಕುಮ ಎಷ್ಟು ದಿನ ಆದ್ರೂ ಇರುತ್ತೆ, ಬಿಸಿ ತಾಗದ ಕಡೆ ಇಟ್ಟಿರ್ತಾರೆ. ನನ್ನದು ಸಂಜೆ ಹೊತ್ತಿಗೆ ಉದುರಿಹೋಗುತ್ತೆ," ಎನ್ನುತ್ತಾರೆ ಅವರು, ಊದುಗೊಳವೆಯನ್ನು ಬಾಯಿಂದ ಇಳಿಸಿ. "ಉದುರಲಿ ಬಿಡಿ. ನಾಳೆ ಮತ್ತೆ ಇಟ್ಟರಾಯ್ತು."

ಈ ಕುಂಕುಮ ಅಲ್ಲಿ ಬಂದು ಕೂತು ಬಹಳ ದಿನವಾಗಿಲ್ಲ. ಈ ವರ್ಷದ ಆಯುಧಪೂಜೆಯಿಂದ ಈಚೆಗೆ. ಅದಕ್ಕೆ ಮುಂಚೆ ಎಷ್ಟೋ ವರ್ಷ ಈ ಒಲೆಯ ನೆತ್ತಿ ಬೋಳಾಗಿಯೇ ಇತ್ತು, ಮತ್ತು ಅದು ಬೋಳಾಗಿದೆ ಎಂಬುದು ಕಾರ್ಖಾನೆಯಲ್ಲಿ ಪಾವಾತ್ತಾಳ್ ಬಿಟ್ಟರೆ ಬೇರೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಕಾರ್ಖಾನೆಯಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರಿಲ್ಲ. ಗೇಟಿನವರಿಂದ ಹಿಡಿದು ಮೊದಲಾಳಿ ಎನ್ನಿಸಿಕೊಳ್ಳುವ ಮಾಲೀಕರವರೆಗೆ ಎಲ್ಲರಿಗೂ ಅವರು ಆತ್ತಾ, ಅಂದರೆ ಅವ್ವ. ನಮ್ಮ ಹೊಲಗಳ ಬೋರಿಗೆ ಇಳಿಯುವಂಥ ಪಂಪುಗಳು ತಯಾರಾಗುವ ಈ ಜಾಗದಲ್ಲಿ ಮುನ್ನೂರು ಚಿಲ್ಲರೆ ಜನ ದುಡಿಯುತ್ತಾರೆ. ಅಷ್ಟೂ ಮಂದಿಗೆ ಬೆಳಗಿನ ಇಡ್ಲಿ, ಮಧ್ಯಾಹ್ನದ ಅನ್ನ ಸಾಂಬಾರು ಪಲ್ಯ, ಎರಡು ಹೊತ್ತಿನ ಟೀ, ಎಲ್ಲವೂ ಈ ಒಲೆಯ ಮೇಲೆಯೇ ಆಗಬೇಕು. ಶನಿವಾರ ಅಕ್ಕಿ ಬೇಳೆ ಒಟ್ಟಿಗೆ ಬೇಯಿಸಿ, ಮೇಲೆ ತುಪ್ಪ ಹಾಕುವ ಅರಿಸಿಂಪರುಪ್ಪು ಸಾದಂ. ಆ ದಿನ ರಜೆ ಹಾಕುವವರೇ ಇಲ್ಲ ಎಂದು ಆಫೀಸಿನಲ್ಲಿ ತಮಾಷೆಯಿದೆ. ಸಹಾಯಕ್ಕೆ ಇಬ್ಬರು ಹೆಂಗಸರಿದ್ದಾರೆ. ಆದರೆ ಕೊಪ್ಪರಿಗೆಯ ಮುಂದಿನ ಸೌಟು ಆತ್ತಾಳ ಕೈ ಬಿಟ್ಟು ಆಚೆ ಹೋಗುವುದಿಲ್ಲ.

ಮೊದಲ ಪಾಳಿಯವರು ತಟ್ಟೆ ಹಿಡಿದು ಬಂದಾಗ ಮಾತೂ ಬಿಸಿಬಿಸಿಯಾಗಿಯೇ ಬೀಳುತ್ತದೆ.

"ಆತ್ತಾ, ಇಡ್ಲಿ ಯಾಕೋ ಚಿಕ್ಕದಾಗ್ತಾ ಇದೆ," ಎನ್ನುತ್ತಾನೆ ಲೇತಿನ ಹುಡುಗನೊಬ್ಬ.

"ಇಡ್ಲಿ ಇದ್ದಷ್ಟೇ ಇದೆ ಕಣೋ. ಮದುವೆ ಆದ್ಮೇಲೆ ನಿನ್ನ ಹೊಟ್ಟೆ ದೊಡ್ಡದಾಗಿದೆ. ನಡಿ, ಹಿಂದಿನವರಿಗೆ ಜಾಗ ಬಿಡು," ಎಂದು ಇನ್ನೆರಡು ಇಡ್ಲಿ ಎಸೆದಂತೆ ಹಾಕುತ್ತಾರೆ ಪಾವಾತ್ತಾಳ್.

ಅವರು ಇಲ್ಲಿಗೆ ಬಂದದ್ದು ಗಂಡನನ್ನು ಕಳೆದುಕೊಂಡ ಮೇಲೆ. ಗಂಡ ಆರುಚ್ಚಾಮಿ ಇದೇ ಕಾರ್ಖಾನೆಯ ಕುಲುಮೆಯಲ್ಲಿ ಕೆಲಸಕ್ಕಿದ್ದವರು. ಕಾಮಾಲೆ ಬಂದು, ಔಷಧಿ ನಾಟದೆ ತೀರಿಕೊಂಡರು. ಮಗಳು ಪೂಂಗೊಡಿ ಆಗ ಸ್ಕೂಲಿನಲ್ಲಿದ್ದಳು. ಹನ್ನೊಂದನೆಯ ದಿನದ ಕಾರ್ಯ ಮುಗಿದ ಮಾರನೆ ದಿನ ಮೊದಲಾಳಿ ಚೆನ್ನಿಯಪ್ಪನ್ ಅವರೇ ಮನೆಗೆ ಬಂದರಂತೆ. ಹೊರಗಿನ ಜಗಲಿಯ ಮೇಲೆ ಕೂತು, ಸುಮ್ಮನೆ ನೀರು ಕುಡಿದು, ಕೇಳಿದರಂತೆ: "ನಿನಗೆ ಏನು ಕೆಲಸ ಬರುತ್ತಮ್ಮಾ?"

"ಅಡುಗೆ ಬಿಟ್ಟರೆ ಇನ್ನೇನೂ ಬರಲ್ಲ."

"ನಮಗೆ ಅದೊಂದೇ ಬರಲ್ಲ. ಬಾ."

ಆವರೆಗೆ ಅಲ್ಲಿ ಕ್ಯಾಂಟೀನು ಎಂಬುದೇ ಇರಲಿಲ್ಲ. ಬೇವಿನ ಮರದ ಕೆಳಗೆ ಕೂತು, ಮನೆಯಿಂದ ತಂದ ತಣ್ಣನೆಯ ಬುತ್ತಿ ಬಿಚ್ಚುತ್ತಿದ್ದರು ಎಲ್ಲರೂ. ಕುಲುಮೆಯ ಮೇಸ್ತ್ರಿ ರಾಕ್ಕಿಯಪ್ಪನ್, ಕುಲುಮೆಗೆಂದು ತರಿಸಿ ಮಿಕ್ಕಿದ್ದ ಬೆಂಕಿ ಇಟ್ಟಿಗೆಗಳಲ್ಲೇ ಮೂರು ಕಣ್ಣಿನ ಒಲೆ ಕಟ್ಟಿಕೊಟ್ಟರು. ಮನೆಮಂದಿಗಷ್ಟೇ ಅಡುಗೆ ಮಾಡಿ ಗೊತ್ತಿದ್ದ ಪಾವಾತ್ತಾಳ್ ಮೊದಲ ದಿನ ಕೊಪ್ಪರಿಗೆ ತುಂಬ ಅನ್ನಕ್ಕಿಟ್ಟರು. ಅದು ಮುದ್ದೆಯಾಗಿ, ಸೌಟಿಗೆ ಅಂಟಿಕೊಂಡು ಬಂತು. ಅಳು ಬಂದು ಕಂಬದ ಹಿಂದೆ ನಿಂತಿದ್ದರು. ಯಾರೂ ಚಕಾರ ಎತ್ತದೆ ಉಂಡರು. ರಾಕ್ಕಿಯಪ್ಪನ್ ಮಾತ್ರ ಕೈ ತೊಳೆದು ಹೋಗುವಾಗ, "ಗಂಜಿ ಚೆನ್ನಾಗಿತ್ತು ಆತ್ತಾ. ನಾಳೆ ಅನ್ನ ಮಾಡು," ಎಂದರು.

"ಆ ಮಾತಿಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಆದ್ರೆ ನಾಳೆನೂ ಬರಬೇಕು ಅಂತ ಗೊತ್ತಾಯ್ತು," ಎಂದು ಈಗ ನಗುತ್ತಾರೆ ಅವರು. ಆಗ ಗಂಜಿ ಉಂಡವರಲ್ಲಿ ಕೆಲವರ ಮಕ್ಕಳು ಈಗ ಅದೇ ಸಾಲಿನಲ್ಲಿ ತಟ್ಟೆ ಹಿಡಿದು ನಿಲ್ಲುತ್ತಾರೆ. ಪಾವಾತ್ತಾಳ ಎಡಗೈ ಮೇಲೆ ಎಣ್ಣೆ ಸಿಡಿದ ಕಲೆಗಳಿವೆ. ಹೊಗೆಗೆ ಕಣ್ಣು ಸದಾ ಒದ್ದೆ. ಮಂಡಿಯಂತೂ ಕೂತರೆ ಏಳಲು ಬಿಡುವುದಿಲ್ಲ, ಎದ್ದರೆ ಕೂರಲು ಬಿಡುವುದಿಲ್ಲ. ಇದನ್ನೆಲ್ಲ ಅವರು ಬೇರೆ ಯಾರದೋ ವಿಷಯ ಹೇಳಿದಂತೆ ಹೇಳುತ್ತಾರೆ.

ಅವರಿಗೆ ನಿಜವಾಗಿ ನೋವಿದ್ದದ್ದು ಇನ್ನೊಂದು ಕಡೆ.

ಕೊಯಮತ್ತೂರಿನ ಕಾರ್ಖಾನೆಗಳಲ್ಲಿ ಆಯುಧಪೂಜೆ ಎಂದರೆ ದೀಪಾವಳಿಗಿಂತ ಒಂದು ಕೈ ಮೇಲು. ಹಿಂದಿನ ದಿನವೇ ಯಂತ್ರಗಳ ಮೈ ತೊಳೆದು ಒರೆಸಿ, ಬಾಳೆಕಂದು ಕಟ್ಟುತ್ತಾರೆ. ಹಬ್ಬದ ದಿನ ಹೆಂಡತಿ ಮಕ್ಕಳು ಹೊಸ ಬಟ್ಟೆ ಹಾಕಿಕೊಂಡು ಕಾರ್ಖಾನೆಯೊಳಗೆ ಬರುತ್ತಾರೆ. ವರ್ಷದಲ್ಲಿ ಅದೊಂದೇ ದಿನ ಅವರಿಗೆ ಆ ಗೇಟು ತೆರೆಯುವುದು. ತಂಗನಾಚಿಯಲ್ಲಿ ಮೊದಲಿನಿಂದ ಒಂದು ಪದ್ಧತಿಯಿದೆ. ಯಾವ ಯಂತ್ರವನ್ನು ಯಾರು ನಡೆಸುತ್ತಾರೋ ಅವರೇ ಅದಕ್ಕೆ ಗಂಧ ಕುಂಕುಮ ಇಡಬೇಕು, ಮನೆಯವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು. ಇಟ್ಟ ಮೇಲೆ ಹಬ್ಬದ ದಿನ ಅದನ್ನು ನಡೆಸುವಂತಿಲ್ಲ. ಅದಕ್ಕೂ ಒಂದು ದಿನ ಬಿಡುವು ಬೇಡವೇ? ಲೇತಿಗೆ ಕುಂಕುಮ, ಕುಲುಮೆಗೆ ಕುಂಕುಮ, ಲಾರಿಗೆ, ತಕ್ಕಡಿಗೆ, ಆಫೀಸಿನ ಕಂಪ್ಯೂಟರಿಗೆ, ಕಾವಲಿನವರ ಟಾರ್ಚಿಗೂ ಕುಂಕುಮ. ಒಲೆಗೆ ಮಾತ್ರ ಇಲ್ಲ. ಯಾರಿಗೂ ಇಡಬಾರದೆಂಬ ಮನಸ್ಸಿರಲಿಲ್ಲ. ಪೂಜೆಯ ಹೊತ್ತಿಗೆ ಅದರ ಮೇಲೆ ಹಬ್ಬದ ಸಾಂಬಾರು ಕುದಿಯುತ್ತಿರುತ್ತಿತ್ತು, ಅಷ್ಟೆ.

ಪೂಂಗೊಡಿ ಚಿಕ್ಕವಳಿದ್ದಾಗ ಅಪ್ಪನ ಕೈ ಹಿಡಿದು ಬಂದು, ಕುಲುಮೆಗೆ ಕುಂಕುಮ ಇಡುವುದನ್ನು ನೋಡಿದ್ದಳು. ಅಪ್ಪ ಹೋದ ಮೇಲಿನ ಮೊದಲ ಹಬ್ಬಕ್ಕೂ ಅಮ್ಮನ ಜೊತೆ ಬಂದಳು. ಬೇರೆ ಮಕ್ಕಳೆಲ್ಲ ಅವರವರ ಅಪ್ಪಂದಿರ ಯಂತ್ರದ ಕಡೆ ಓಡಿದಾಗ, ಅಡುಗೆಮನೆಯ ಬಾಗಿಲಿಗೆ ಬಂದು ಕೇಳಿದಳು: "ಅಮ್ಮಾ, ನಿನ್ನದೆಲ್ಲಿ?"

"ಆಚೆ ನಿಲ್ಲು, ಕೆಂಡ ಸಿಡಿಯುತ್ತೆ ಅಂದೆ. ಆ ಹೊತ್ತಿಗೆ ಬಾಯಿಗೆ ಬಂದದ್ದು ಅಷ್ಟೇ," ಎನ್ನುತ್ತಾರೆ ಪಾವಾತ್ತಾಳ್. "ಮುಂದಿನ ವರ್ಷ ಕರೆದೆ, ಬರಲಿಲ್ಲ. ಅದರ ಮುಂದಿನ ವರ್ಷ ಕರೆಯೋದನ್ನೇ ಬಿಟ್ಟೆ." ಮಗಳು ಓದಿ, ಮದುವೆಯಾಗಿ, ಗಾಂಧಿಪುರದ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೂ ಸೇರಿದಳು. ಅಮ್ಮ ದುಡಿಯುವ ಗೇಟಿನೊಳಗೆ ಮಾತ್ರ ಮತ್ತೆ ಕಾಲಿಡಲಿಲ್ಲ.

ಕಂಪನಿಗಳಿಗೆ ಕೆಲಸದವರ ಮೇಲೆ ಪ್ರೀತಿ ಉಕ್ಕಿದಾಗ ಏನಾಗುತ್ತದೆಂದು ಲೋಕಕ್ಕೆಲ್ಲ ಗೊತ್ತು. ಗೋಡೆ ಗಡಿಯಾರ ಬರುತ್ತದೆ. ಅದರ ಮೇಲೆ ಕಂಪನಿಯ ಹೆಸರು, ಟೈಮಿಗಿಂತ ದೊಡ್ಡದಾಗಿ ಇರುತ್ತದೆ. ಇಲ್ಲವಾದರೆ ಶಾಲು, ಗಾಜಿನ ಫಲಕ, ಫೋಟೋ. ಹೋದ ವರ್ಷ ತಂಗನಾಚಿಯಲ್ಲೂ ಅದೇ ಆಯಿತು. ಚೆನ್ನಿಯಪ್ಪನ್ ಅವರ ಮಗಳು ಯಾಳಿನಿ ಆಗಷ್ಟೇ ಆಫೀಸಿನ ಜವಾಬ್ದಾರಿ ಹೊತ್ತಿದ್ದರು. ಚಿಕ್ಕಂದಿನಿಂದ ಆತ್ತಾಳ ಕೈತುತ್ತು ತಿಂದು ಬೆಳೆದ ಹುಡುಗಿ. ಆಯುಧಪೂಜೆಯ ದಿನ ಆತ್ತಾಳನ್ನು ವೇದಿಕೆಗೆ ಕರೆದು ಸನ್ಮಾನ ಮಾಡಬೇಕೆಂದು ಅವರ ಆಸೆ. ಮನಸ್ಸು ಚಿನ್ನದಂಥದು. ಆರಿಸಿದ ಗಳಿಗೆ ಮಾತ್ರ ಸಾಂಬಾರಿಗೆ ಬೇಳೆ ಸೇರುವ ಗಳಿಗೆ.

ಮೈಕಿನಲ್ಲಿ ಹೆಸರು ಕೂಗಿದರು. "ಈಗ ಆಗಲ್ಲಪ್ಪಾ," ಎಂದು ಪಾವಾತ್ತಾಳ್ ಒಳಗಿನಿಂದಲೇ ಕೈ ಬೀಸಿದರು. ನಾಚಿಕೆಯೆಂದುಕೊಂಡು ನಾಲ್ಕು ಜನ ನಗುತ್ತ ಬಂದು, ಸಹಾಯದ ಹೆಂಗಸರನ್ನೂ ಸೇರಿಸಿ ಎಲ್ಲರನ್ನೂ ಕರೆದೊಯ್ದರು. ಶಾಲು ಹೊದಿಸಿದರು. ಯಾರೋ ಮಾತಾಡಿದರು. ಅವರು ಮುಗಿಸಿದರೆನ್ನುವಾಗ ಇನ್ನೊಬ್ಬರು ಮಾತಾಡಿದರು. ಫೋಟೋ ತೆಗೆಯುವವನು ಮತ್ತೊಮ್ಮೆ ನಿಲ್ಲಿ ಎಂದ. ಅಷ್ಟರಲ್ಲಿ ಹಿತ್ತಲಿನಿಂದ ವಾಸನೆ ಬಂತು. ಕೊಪ್ಪರಿಗೆ ತಳ ಹಿಡಿದಿತ್ತು. ಹೊಸ ಬಟ್ಟೆಯಲ್ಲಿ ಬಂದಿದ್ದ ಅಷ್ಟೂ ಸಂಸಾರಗಳು ಹಬ್ಬದ ದಿನ ಮೊಸರನ್ನ ಉಂಡು ಎದ್ದವು.

ಯಾರೂ ಬೈಯಲಿಲ್ಲ. ಅದೇ ಪಾವಾತ್ತಾಳಿಗೆ ಇನ್ನೂ ಕಷ್ಟವಾಯಿತು. ಪಾತ್ರೆಯ ತಳ ಉಜ್ಜಿ ಬೆಳ್ಳಗೆ ಮಾಡಿ, ಶಾಲನ್ನು ಮಡಿಸಿ ಬೀಗದ ಕೈ ನೇತು ಹಾಕುವ ಮೊಳೆಗೆ ಸಿಕ್ಕಿಸಿ, ಮನೆಗೆ ಹೋದರು. ಮಾರನೆ ದಿನ ವಿಜಯದಶಮಿ. ಯಂತ್ರಗಳೆಲ್ಲ ಮತ್ತೆ ಶುರುವಾದವು, ಒಲೆ ಹತ್ತಲಿಲ್ಲ. ಅದರ ಮಾರನೆ ದಿನವೂ ಇಲ್ಲ. ಕಂಪನಿ ಹೋಟೆಲಿನಿಂದ ಪೊಟ್ಟಣದ ಊಟ ತರಿಸಿತು. ರಾಕ್ಕಿಯಪ್ಪನ್ ಒಂದು ಪೊಟ್ಟಣವನ್ನು ಬಿಚ್ಚದೆ ಹಾಗೇ ಯಾಳಿನಿಯವರ ಮೇಜಿನ ಮೇಲಿಟ್ಟು, "ನೀವೇ ಊಟ ಮಾಡಿ ಅಮ್ಮಿಣಿ. ಆಮೇಲೆ ಮಾತಾಡೋಣ," ಎಂದು ಹೊರಟುಹೋದರಂತೆ. ಅಮ್ಮಿಣಿ ಎಂಬುದು ಇಲ್ಲಿ ಮನೆಮಗಳನ್ನು ಮುದ್ದಿನಿಂದ ಕರೆಯುವ ಮಾತು. ಆ ದಿನ ಅದರಲ್ಲಿ ಮುದ್ದು ಕಡಿಮೆ ಇತ್ತು.

ಯಾಳಿನಿ ಶಾಲು ಹಿಡಿದು ಪಾವಾತ್ತಾಳ ಮನೆಗೆ ಹೋದರು. ಅಲ್ಲಿ ನಡೆದ ಮಾತುಕತೆಯನ್ನು ಇಬ್ಬರೂ ಈಗ ಬಾಯಿಪಾಠದಂತೆ ಒಪ್ಪಿಸುತ್ತಾರೆ.

"ಶಾಲು ಬಿಟ್ಟು ಬಂದಿದ್ರಿ ಆತ್ತಾ."

"ಶಾಲಿನ ತಪ್ಪಿಲ್ಲ ಅಮ್ಮಿಣಿ. ಹೊತ್ತು ಸರಿಯಿರಲಿಲ್ಲ."

"ಸ್ವಲ್ಪ ಮುಂಚೆ ಕರೀಬೇಕಿತ್ತಾ?"

"ಆಗ ಅನ್ನ ಬಸೀತಿರ್ತೀನಿ."

"ಸ್ವಲ್ಪ ಆದ್ಮೇಲೆ?"

"ಬಡಿಸ್ತಿರ್ತೀನಿ."

"ಎಲ್ಲರ ಊಟ ಮುಗಿದ ಮೇಲೆ?"

"ಆಗ ಅಲ್ಲಿ ಯಾರಿರ್ತಾರೆ ಅಮ್ಮಿಣಿ? ಪಾತ್ರೆ ಇರುತ್ತೆ."

"ಅವರಿಗೆ ಗೌರವ ಮಾಡ್ಬೇಕು ಅಂತ ಓಡಾಡಿದ್ದೇ ಓಡಾಡಿದ್ದು. ಅವರ ಒಂದು ದಿನ ಹೇಗಿರುತ್ತೆ ಅಂತ ಒಂದು ಸಲಾನಾದ್ರೂ ನಿಂತು ನೋಡಿದ್ದಿದ್ರೆ ಈ ಪೇಚಾಟ ಇರ್ತಿರಲಿಲ್ಲ," ಎನ್ನುತ್ತಾರೆ ಯಾಳಿನಿ ಈಗ. ಕೊನೆಗೆ, ಮೊದಲೇ ಕೇಳಬೇಕಿದ್ದದ್ದನ್ನು ಆಗ ಕೇಳಿದರು: "ನಿಮಗೆ ಏನು ಬೇಕು ಆತ್ತಾ?"

ಪಾವಾತ್ತಾಳ್ ಸೆರಗಿನ ತುದಿ ತಿರುವುತ್ತ ಹೇಳಿದರು: "ನನ್ನ ಒಲೆಗೂ ಕುಂಕುಮ ಇಡೋ ಹಾಗಾಗಲಿ. ಎಲ್ಲರ ಹಾಗೆ."

"ಇಷ್ಟೇನಾ?"

"ಇಷ್ಟೇನಾ ಅಂದ್ರೆ? ಕುಂಕುಮ ಇಟ್ಟ ಒಲೆನ ಆ ದಿನ ಹಚ್ಚೋ ಹಾಗಿಲ್ಲ. ಹಬ್ಬದ ದಿನ ಅಷ್ಟು ಜನಕ್ಕೆ ಊಟ ಎಲ್ಲಿಂದ ಬರುತ್ತೆ? ಅದಕ್ಕೇ ಇಷ್ಟು ವರ್ಷ ಬಾಯಿ ಬಿಡಲಿಲ್ಲ."

"ನೀವು ನಾಳೆ ಬನ್ನಿ. ಮುಂದಿನ ಹಬ್ಬದೊಳಗೆ ದಾರಿ ಹುಡುಕ್ತೀನಿ," ಎಂದರು ಯಾಳಿನಿ. ಪಾವಾತ್ತಾಳ್ ಬಂದರು. ಬಂದದ್ದು ಆ ಮಾತನ್ನು ನಂಬಿ ಅಲ್ಲ ಎನ್ನುತ್ತಾರೆ. "ದೊಡ್ಡವರು ನೂರು ಕೆಲಸದಲ್ಲಿ ಮರೆತುಬಿಡ್ತಾರೆ, ಅದು ಸಹಜ. ಪೊಟ್ಟಣದ ಊಟ ತಿಂದು ಕುಲುಮೆಯವರು ಕಂಗಾಲಾಗಿದ್ದಾರೆ ಅಂತ ಕೇಳಿದೆ. ಅದಕ್ಕೆ ಬಂದೆ."

ಮರೆಯಲಿಲ್ಲ. ಯಾಳಿನಿ ಆಗಾಗ ಬೆಳಿಗ್ಗೆ ಬಂದು ಅಡುಗೆಮನೆಯ ಮೂಲೆಯಲ್ಲಿ ನಿಲ್ಲತೊಡಗಿದರು. ಮೊದಮೊದಲು ಕಾಲಿಗೆ ತೊಡರುತ್ತಿದ್ದರು. "ಪಕ್ಕಕ್ಕೆ ನಿಲ್ಲು ಅಮ್ಮಿಣಿ, ಕೊಪ್ಪರಿಗೆ ಬರ್ತಿದೆ," ಎಂದು ಬೈಸಿಕೊಂಡರು. ಹಾಗೆ ನಿಂತು ನೋಡಿದ್ದರಿಂದ ಅಂಗಳದಲ್ಲಿದ್ದ ನಲ್ಲಿ ಒಲೆಯ ಪಕ್ಕಕ್ಕೆ ಬಂತು. ಕೊಡ ಹೊರುವುದು ತಪ್ಪಿತು. ಊಟದ ಹಜಾರದ ಕಡೆಯ ಗೋಡೆಗೆ ಕಿಟಕಿ ಬಂತು. ಅದನ್ನು ಯಾರೂ ಕೇಳಿರಲಿಲ್ಲ. "ಈಗ ಉಣ್ಣೋರ ಮುಖ ಕಾಣುತ್ತೆ. ಯಾರು ಬಿಟ್ಟು ಎದ್ದರು, ಯಾರು ಇನ್ನೊಂದು ಸಲ ಕೇಳೋಕೆ ನಾಚ್ಕೊಂಡರು, ಎಲ್ಲ ಗೊತ್ತಾಗುತ್ತೆ," ಎಂದು ಪಾವಾತ್ತಾಳ್ ಆ ಕಿಟಕಿಯ ಚೌಕಟ್ಟನ್ನು ಸವರುತ್ತಾರೆ. ಅವರ ದನಿ ಮೆತ್ತಗಾಗುವುದು ಇಂಥಲ್ಲಿ.

ಆದರೂ ದೊಡ್ಡ ಪ್ರಶ್ನೆ ಹಾಗೇ ಉಳಿದಿತ್ತು. ಹಬ್ಬದ ಊಟ ಯಾರು ಮಾಡಬೇಕು? ಈ ವರ್ಷ ಹಬ್ಬ ಹತ್ತಿರ ಬಂದಾಗ ಆಫೀಸಿನವರು ಹೋಟೆಲಿಗೆ ಹೇಳೋಣ ಎಂದರು. ರಾಕ್ಕಿಯಪ್ಪನ್ ಎದ್ದು ನಿಂತರು. ಎಂದೂ ಸಭೆಯಲ್ಲಿ ಬಾಯಿ ತೆರೆಯದ ಮನುಷ್ಯ.

"ಆ ಒಲೆಗೆ ಹಾಕಿರೋದು ನನ್ನ ಕುಲುಮೆಯ ಇಟ್ಟಿಗೆ. ಅದೇ ಇಟ್ಟಿಗೆ ಇಲ್ಲಿ ಕಬ್ಬಿಣ ಕರಗಿಸಿದ್ರೆ ಕುಂಕುಮ, ಅಲ್ಲಿ ಅನ್ನ ಬೇಯಿಸಿದ್ರೆ ಇಲ್ಲ ಅಂದ್ರೆ ಯಾವ ನ್ಯಾಯ? ಹೋಟೆಲೂ ಬೇಡ ಗೀಟೆಲೂ ಬೇಡ. ಆತ್ತಾ ನಮಗೆ ಇಷ್ಟು ವರ್ಷ ಹಾಕಿದ್ದಾಳೆ. ಒಂದು ದಿನ ನಾವು ಹಾಕ್ತೀವಿ. ಕಾದ ಕಬ್ಬಿಣ ಹುಯ್ದ ಕೈ ಇದು, ಸಾಂಬಾರು ಹುಯ್ಯಲ್ವಾ?"

ಹಬ್ಬದ ದಿನ ಬೇವಿನ ಮರದ ಕೆಳಗೆ ಕಲ್ಲು ಹೂಡಿ, ಕುಲುಮೆಯ ಗಂಡಸರು ಬಾಡಿಗೆ ಪಾತ್ರೆಗಳಲ್ಲಿ ಅಡುಗೆಗೆ ಇಳಿದರು. ಪಾವಾತ್ತಾಳ್ ಹಿಂದಿನ ಸಂಜೆಯೇ ಒಲೆಯ ಬೂದಿ ತೆಗೆದು, ಸಗಣಿ ಸಾರಿಸಿ, ರಂಗೋಲಿ ಎಳೆದಿದ್ದರು. ಈಗ ಹೊಸ ಸೀರೆಯುಟ್ಟು, ಮಾಡಲು ಕೆಲಸವಿಲ್ಲದೆ, ಬಾಗಿಲಲ್ಲಿ ನಿಂತು ಒದ್ದಾಡುತ್ತಿದ್ದರು. "ಬೇಳೆ ಬೆಂದಿಲ್ಲ, ಹುಳಿ ಹಾಕ್ಬೇಡ್ರೋ! ಲೋ, ಆ ಬೆಂಕಿ ಇಳಿಸ್ರೋ!" ಎಂದು ಕೂಗಿ ಎರಡು ಹೆಜ್ಜೆ ಇಟ್ಟರೆ, ಯಾಳಿನಿ ಕೈ ಹಿಡಿದು ನಿಲ್ಲಿಸುತ್ತಿದ್ದರು. "ಆತ್ತಾ, ಇವತ್ತು ನಿಮಗೂ ಬಿಡುವು," ಎಂದರೆ, "ನನಗೆ ಬಿಡುವು ಸರಿ, ಸಾಂಬಾರು ಏನು ಪಾಪ ಮಾಡಿತ್ತು?" ಎಂದು ತಿರುಗಿ ಬೀಳುತ್ತಿದ್ದರು.

ಪೂಜೆ ಲೇತುಗಳಿಂದ ಶುರುವಾಗಿ, ಕುಲುಮೆ ದಾಟಿ, ಕೊನೆಗೆ ಅಡುಗೆಮನೆಯ ಕಡೆ ತಿರುಗಿತು. ಹಿಂದೆ ಇಡೀ ಕಾರ್ಖಾನೆ. ಆ ಗುಂಪಿನೊಳಗಿಂದ ಜಾಗ ಮಾಡಿಕೊಂಡು ಒಬ್ಬ ಹೆಂಗಸು ಮುಂದೆ ಬಂದಳು. ತಲೆತುಂಬ ಮಲ್ಲಿಗೆ, ಕೈಯಲ್ಲಿ ಹಣ್ಣಿನ ತಟ್ಟೆ. ಯಾಳಿನಿ ಬಟ್ಟೆ ಅಂಗಡಿಗೇ ಹೋಗಿ ಕರೆದಿದ್ದರಂತೆ. ಬರುತ್ತೇನೆಂದೂ ಹೇಳಿರಲಿಲ್ಲ, ಇಲ್ಲವೆಂದೂ ಹೇಳಿರಲಿಲ್ಲ.

ಪೂಂಗೊಡಿ ಬಾಗಿಲಲ್ಲಿ ನಿಂತು, ಚಿಕ್ಕ ಹುಡುಗಿಯ ದನಿ ಮಾಡಿ ಕೇಳಿದಳು: "ಅಮ್ಮಾ, ನಿನ್ನದೆಲ್ಲಿ?"

ಕೇಳಿದವಳಿಗೂ ಅದನ್ನು ನಗುತ್ತ ಮುಗಿಸಲಾಗಲಿಲ್ಲ. ಪಾವಾತ್ತಾಳ್ ಮಗಳ ಮಣಿಕಟ್ಟು ಹಿಡಿದು ಒಳಗೆ ಕರೆದೊಯ್ದು ಒಲೆಯ ಮುಂದೆ ನಿಲ್ಲಿಸಿದರು. ಗಂಧದ ಬಟ್ಟಲಿಗೆ ಬೆರಳು ಅದ್ದಿದರು. ಕುಂಕುಮ ಸ್ವಲ್ಪ ಓರೆಯಾಗಿ ಬಿತ್ತು. ಮಗಳು ಬಾಗಿ ಎರಡೂ ಅಂಗೈಗಳನ್ನು ಒಲೆಯ ಮೇಲೆ ಊರಿದಳು. ಕೆಂಡ ಸಿಡಿಯುತ್ತದೆಂದು ಹೇಳುವವರು ಆ ದಿನ ಯಾರೂ ಇರಲಿಲ್ಲ. ಹೊರಗೆ ಬೂದುಗುಂಬಳ ಒಡೆದ ಸದ್ದಾಯಿತು. ರಾಕ್ಕಿಯಪ್ಪನ್ ಸೌಟು ಹಿಡಿದುಕೊಂಡೇ ಅಳುತ್ತಿದ್ದರೆಂದು ನೋಡಿದವರು ಹೇಳುತ್ತಾರೆ. ಹೊಗೆ ಕಣ್ಣಿಗೆ ಹೋಗಿತ್ತೆಂದು ಅವರ ಸಮಜಾಯಿಷಿ.

ಆಮೇಲೆ ಊಟ. ಮೊದಲ ಪಂಕ್ತಿಯ ಮೊದಲ ಎಲೆಯ ಮುಂದೆ ಪಾವಾತ್ತಾಳ್, ಪಕ್ಕದಲ್ಲಿ ಮಗಳು. ಅನ್ನ ಹಾಕಿದ್ದು ಚೆನ್ನಿಯಪ್ಪನ್. ವಯಸ್ಸಾದ ಮೊದಲಾಳಿ ಬಗ್ಗಲಾರದೆ ಬಗ್ಗಿ ಬಡಿಸಿದರು. "ಆ ದಿನ ನಮಗೆ ಅಡುಗೆ ಬರಲ್ಲ ಅಂದಿದ್ದೆನಲ್ಲಮ್ಮಾ. ಇನ್ನೂ ಬಂದಿಲ್ಲ, ನೋಡಿಕೊಂಡು ಉಣ್ಣು," ಎಂದರು. ಸಾಂಬಾರು ಹುಯ್ದದ್ದು ರಾಕ್ಕಿಯಪ್ಪನ್. ಪಾವಾತ್ತಾಳ್ ಕಲೆಸಿ ಮೊದಲ ತುತ್ತು ಬಾಯಿಗಿಡುವವರೆಗೆ ಆ ಇಡೀ ಹಜಾರ ಅವರನ್ನೇ ನೋಡುತ್ತಿತ್ತು.

ಈಗ ಬೆಳಗಿನ ಸಾಲು ಕರಗಿದೆ. ಇಡ್ಲಿಯ ಹಬೆ ಆರಿದೆ, ಮಧ್ಯಾಹ್ನದ ಅಕ್ಕಿಗೆ ನೀರು ಒಲೆಯೇರಿದೆ. ಪಾವಾತ್ತಾಳ್ ಕಿಟಕಿಯ ಪಕ್ಕ, ಮಂಡಿ ಚಾಚಿ ಕೂತಿದ್ದಾರೆ. ಮುಂದೇನು ಆಸೆ ಎಂದರೆ, ಹೆಚ್ಚೇನಿಲ್ಲ ಎನ್ನುತ್ತಾರೆ. ಮಂಡಿ ಇನ್ನೊಂದಷ್ಟು ವರ್ಷ ಮಾತು ಕೇಳಬೇಕು. ಪ್ರತಿ ಹಬ್ಬಕ್ಕೂ ಮಗಳು ಬರಬೇಕು. ಈ ಕಂಪನಿಗೆ ಒಳ್ಳೆಯದಾಗಬೇಕು. "ನನ್ನ ಕಷ್ಟಕ್ಕೆ ಕೆಲಸ ಕೊಟ್ಟರು, ಅದು ಅವರ ಉಪಕಾರ. ಆದ್ರೆ ನನ್ನ ಕೆಲಸಾನ ಕೆಲಸ ಅಂತ ನೋಡಿದ್ರಲ್ಲ, ಅದಕ್ಕೆ ಏನು ಹೇಳಬೇಕು ಅಂತ ಇನ್ನೂ ನನಗೆ ಮಾತು ಸಿಕ್ಕಿಲ್ಲ."

ಮತ್ತೆ ಆ ದಿನದ ಸಾಂಬಾರು ಹೇಗಿತ್ತು?

ಅವರು ಸುತ್ತ ನೋಡುತ್ತಾರೆ. ಕುಲುಮೆಯವರು ಯಾರೂ ಹತ್ತಿರದಲ್ಲಿಲ್ಲ ಎಂದು ಖಾತ್ರಿ ಮಾಡಿಕೊಳ್ಳುತ್ತಾರೆ.

"ಉಪ್ಪು ಜಾಸ್ತಿ ಇತ್ತು," ಎನ್ನುತ್ತಾರೆ ಮೆಲ್ಲಗೆ. "ಎರಡು ಸಲ ಹಾಕಿಸ್ಕೊಂಡೆ."